ಫುಲ್ ಟ್ಯಾಂಕ್

ಕಾರಿನೊಳಗೆ ಪೆಟ್ರೋಲ್ ವಾಸನೆ ಬರುತ್ತಿದೆ ಎಂದು ಸ್ಟಿಯರಿಂಗ್ ಹಿಡಿದವನು ತಾನಾಗಿ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಅವನಿಗೆ ಕ್ಲಚ್ ಸುಟ್ಟ ವಾಸನೆ ಗೊತ್ತು, ಮುಂದಿನ ಲಾರಿಯವನ ಬೀಡಿಯ ವಾಸನೆಯೂ ಗೊತ್ತು. ತನ್ನದೇ ಪೆಟ್ರೋಲಿಗೆ ಮಾತ್ರ ಮೂಗು ಕಟ್ಟಿರುತ್ತದೆ. ಮಾರುತಿ 800ರಲ್ಲಿ ಇದಕ್ಕೊಂದು ಭೌಗೋಳಿಕ ಕಾರಣವೂ ಇದೆ. ಅದರ ಟ್ಯಾಂಕ್ ಇರುವುದು ಹಿಂದಿನ ಸೀಟಿನ ಕೆಳಗೆ. ಅತ್ತೆ, ಮಾವ, ಮಕ್ಕಳು, ಉಪ್ಪಿನಕಾಯಿ ಜಾಡಿ ಎಲ್ಲವೂ ಕೂರುವುದು 28 ಲೀಟರಿನ ಆ ತಗಡಿನ ಡಬ್ಬದ ಮೇಲೆಯೇ. ಹಾಗಾಗಿ ತೀರ್ಥಹಳ್ಳಿಯ ನಮ್ಮ ಭಾವನ ಕಾರಿನ ಸೋರಿಕೆಯನ್ನು ಪತ್ತೆ ಮಾಡಿದ್ದು ಹಿಂದೆ ಕೂತಿದ್ದ ಅಕ್ಕ.

"ಪೆಟ್ರೋಲ್ ವಾಸನೆ" ಎಂದಳು.

"ಪೆಟ್ರೋಲ್ ಹಾಕಿದ ಕಾರಲ್ಲಿ ಮಲ್ಲಿಗೆ ವಾಸನೆ ಬರ್ತದೇನೇ ಮಾರಾಯ್ತಿ" ಎಂದರು ಭಾವ, ಕಿಟಕಿಯ ಗಾಜು ಇಳಿಸುತ್ತ.

ಕೆಎ-14 ನಂಬರಿನ ಆ ಕಾರು 1997ರದು. ಭಾವ ಅದಕ್ಕೆ ಫುಲ್ ಟ್ಯಾಂಕ್ ಹಾಕಿಸಿದವರೇ ಅಲ್ಲ. ಮೊದಲು ಇನ್ನೂರು ರೂಪಾಯಿಯದ್ದು, ಈಚೆಗೆ ಐನೂರರದ್ದು. ಶಿವಮೊಗ್ಗಕ್ಕೆ ಹೋಗಿಬರಲು ಎಷ್ಟು ಬೇಕೋ ಅಷ್ಟು, ಮೇಲೊಂದು ಲೀಟರ್ ಧೈರ್ಯಕ್ಕೆ. ದುಡ್ಡನ್ನು ಟ್ಯಾಂಕಿನಲ್ಲಿ ಕೊಳೆಹಾಕುವುದು ಯಾವ ಜಾಣತನ ಎಂಬುದು ಅವರ ಅರ್ಥಶಾಸ್ತ್ರ. ಬೆಂಗಳೂರಿನಿಂದ ಬಂದ ಮಗ, ಅಪ್ಪನ ಮೇಲಿನ ಪ್ರೀತಿಗೆ, ಒಂದು ಸಲ ಬಾಯಿತನಕ ತುಂಬಿಸಿದ. ಮರುದಿನವೇ ವಾಸನೆ. ಫುಲ್ ಟ್ಯಾಂಕ್ ಮಾಡಿಸಿದ್ದರಿಂದಲೇ ಟ್ಯಾಂಕ್ ಒಡೆಯಿತು ಎಂದು ಭಾವ ತೀರ್ಪು ಕೊಟ್ಟರು. ತರ್ಕದಲ್ಲಿ ದೋಷ ಹುಡುಕುವುದು ಸುಲಭವಿರಲಿಲ್ಲ. ಅರ್ಧಕ್ಕೆ ಇಳಿದ ಮೇಲೆ ವಾಸನೆ ನಿಜವಾಗಿಯೂ ನಿಂತಿತ್ತು.

ಪೆಟ್ರೋಲ್ ಸೋರಿಕೆಯ ತೊಂದರೆಯೆಂದರೆ ಅದು ಗುರುತು ಉಳಿಸುವುದಿಲ್ಲ. ಎಂಜಿನ್ ಆಯಿಲ್ ಸೋರಿದರೆ ಅಂಗಳದಲ್ಲಿ ಕಪ್ಪು ಕಲೆ; ಇದು ನೆಲ ಮುಟ್ಟುವಷ್ಟರಲ್ಲಿ ಅರ್ಧ ಗಾಳಿ. ಊರಿನ ತಜ್ಞರು ಬಂದರು, ಬಗ್ಗಿದರು, ಮೂಸಿದರು. ಬಟ್ಟೆ ಸೋಪು ತಿಕ್ಕಿ ಎಂದು ಒಬ್ಬರ ಸಲಹೆ. ಇದು ಲಾರಿ ಡ್ರೈವರುಗಳ ಹಳೆಯ ವಿದ್ಯೆ, ತಮಾಷೆಯಲ್ಲ. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಸಣ್ಣ ಬಿರುಕಾದರೆ ಗ್ಯಾರೇಜು ಮುಟ್ಟುವವರೆಗೆ ತಡೆದುಕೊಳ್ಳುತ್ತದೆ. ಆದರೆ ನೀರಿನಲ್ಲಿ ಕರಗುತ್ತದಲ್ಲ! ಆಗುಂಬೆಯ ಪಕ್ಕದ ಊರು, ಆಷಾಢ ಮಾಸ. ಕಾರಿನ ಅಡಿಯಿಂದ ನೊರೆ ಬಂದದ್ದನ್ನು ಮಕ್ಕಳು ಕೇರಿಗೆಲ್ಲ ಕರೆದು ತೋರಿಸಿದರು.

ಕೊನೆಗೆ ಮೇಸ್ತ್ರಿಯ ಬಳಿಗೆ ಹೋದದ್ದಾಯಿತು. ಅವರು ಗ್ಯಾರೇಜಿನ ಗುಂಡಿಯ ಬಲ್ಬ್ ಆರಿಸಿ, ಬ್ಯಾಟರಿಯ ವೈರ್ ಕಳಚಿ, ಮೊಬೈಲುಗಳನ್ನು ಆಚೆ ಕಳಿಸಿದ ಮೇಲೆಯೇ ಕೆಳಗಿಳಿದರು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಮೇಲೇಳದೆ ಗುಂಡಿಯಲ್ಲೇ ಮಲಗಿರುತ್ತದೆ. ಟ್ಯಾಂಕ್ ಕೆಳಗಿಳಿಸುವ ಮೊದಲು ಹಿಂದಿನ ಸೀಟು ಎತ್ತಿದಾಗ ಅದರಡಿಯಿಂದ ನಾಣ್ಯಗಳು, ಅಡಿಕೆ, ಒಂದು ಬಳೆ ಮತ್ತು ಅಕ್ಕ ಯಾರದೋ ಮನೆಯಲ್ಲಿ ಬಿಟ್ಟುಬಂದೆನೆಂದು ನಾಲ್ಕಾರು ನೆಂಟರನ್ನು ಅನುಮಾನಿಸಿದ್ದ ಕನ್ನಡಕ ಹೊರಬಂದವು. ಬೋಲ್ಟುಗಳು ತುಕ್ಕಿನಲ್ಲಿ ಒಂದಾಗಿದ್ದವು. ಸೀಮೆಎಣ್ಣೆ ಕುಡಿಸಿ ರಾತ್ರಿಯಿಡೀ ಬಿಟ್ಟರೂ ಒಂದು ತಲೆ ಮುರಿದುಕೊಂಡೇ ಬಂತು.

ಟ್ಯಾಂಕಿನ ನೆತ್ತಿಗೂ ಕಾರಿನ ತಳಕ್ಕೂ ನಡುವಿನ ಸಂದಿಯಲ್ಲಿ ಮಲೆನಾಡಿನ ಮಳೆಗಾಲಗಳೆಲ್ಲ ಕೆಸರಾಗಿ ಕೂತಿದ್ದವು. ಸದಾ ಒದ್ದೆ. ಎರಡು ತಗಡು ಸೇರುವ ಮೇಲಿನ ಅಂಚು ಅಲ್ಲೇ ಕೊರೆದುಹೋಗಿತ್ತು; ಅದಕ್ಕೇ ತುಂಬಿದಾಗ ಮಾತ್ರ ಸೋರಿಕೆ. ಭಾವ ವಿಜಯದ ನಗೆ ಬೀರುವಷ್ಟರಲ್ಲಿ ಮೇಸ್ತ್ರಿ ಟ್ಯಾಂಕನ್ನು ಬೋರಲು ಹಾಕಿದರು. ತುಕ್ಕಿನ ಚಕ್ಕೆ, ಹಿಂದೆಯೇ ಚಹಾ ಬಣ್ಣದ ನೀರು.

"ನೀರು ಬಂಕಿನವರದ್ದಲ್ಲ ಭಟ್ರೇ, ನಿಮ್ಮದೇ. ಅರ್ಧ ಖಾಲಿ ಟ್ಯಾಂಕಲ್ಲಿ ಗಾಳಿ ಇರ್ತದೆ. ರಾತ್ರಿ ತಣ್ಣಗಾದ ತಗಡಿಗೆ ಅದರ ತೇವ ಬೆವರಿ ಇಳೀತದೆ. ಪೆಟ್ರೋಲಿಗಿಂತ ಭಾರ, ತಳಕ್ಕೆ ಹೋಗಿ ಕೂರ್ತದೆ."

ಭಾವ ಪೆಟ್ರೋಲಿಗೆ ಬೆರೆಸುವ ಎಥನಾಲಿನ ಕಡೆ ತಿರುಗಿದರು. ಶೇಕಡ 20ರ ಮಿಶ್ರಣಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿದ್ದು ಅವರಿಗೆ ತಿಥಿಸಮೇತ ನೆನಪಿದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ ಎಂಬುದೂ ನಿಜ, ಹಳೆಯ ರಬ್ಬರ್ ಪೈಪುಗಳಿಗೆ ಅದು ಒಗ್ಗುವುದಿಲ್ಲ ಎಂಬುದೂ ನಿಜ. ಮೇಸ್ತ್ರಿ ಪೈಪುಗಳನ್ನು ಬದಲಿಸಲು ಒಪ್ಪಿದರು, ವಾದವನ್ನು ಒಪ್ಪಲಿಲ್ಲ. "ಎಥನಾಲ್ ಮೊನ್ನೆ ಬಂದದ್ದು. ಈ ತುಕ್ಕು ದೇವೇಗೌಡ್ರು ಪ್ರಧಾನಿ ಆಗಿದ್ದ ಕಾಲದ್ದು."

ವೆಲ್ಡಿಂಗ್ ಮಾಡಿಸಿದರೆ ಅಗ್ಗವಲ್ಲವೇ ಎಂದು ಭಾವ ಕೊನೆಯ ಪ್ರಯತ್ನ ಮಾಡಿದರು. ಇಲ್ಲಿ ನಾನು ಪೂರ್ತಿ ಮೇಸ್ತ್ರಿಯ ಪಕ್ಷ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯ. ಗಾಳಿಯಲ್ಲಿ ಪೆಟ್ರೋಲಿನ ಆವಿ ಶೇಕಡ ಒಂದೂವರೆಯಷ್ಟಿದ್ದರೂ ಕಿಡಿಗೆ ಸಿಡಿಯುತ್ತದೆ. ಬರಿದಾದ ಟ್ಯಾಂಕಿನೊಳಗೆ ಅಷ್ಟು ಉಳಿದೇ ಇರುತ್ತದೆ. ತೊಳೆದು, ನೀರು ತುಂಬಿಸಿ ಬೆಸುಗೆ ಹಾಕುವವರಿದ್ದಾರೆ. ಆದರೆ ಇಷ್ಟು ತೆಳುವಾದ ತಗಡಿಗೆ ಒಂದು ಕಡೆ ಹಾಕಿದರೆ ಪಕ್ಕದಲ್ಲಿ ಬಿಡುತ್ತದೆ.

ಹೊಸ ಟ್ಯಾಂಕ್ ಹುಡುಕುವ ಕೆಲಸ ಬೆಂಗಳೂರಿನಲ್ಲಿರುವ ನನ್ನ ಪಾಲಿಗೆ ಬಂತು. ಈ ಕಾರಿನ ತಯಾರಿಕೆ 2014ರಲ್ಲೇ ನಿಂತಿದೆ, ಆದರೂ ಜೆ.ಸಿ. ರಸ್ತೆಯಲ್ಲಿ ಅದಕ್ಕಿನ್ನೂ ವೈಕುಂಠ ಸಮಾರಾಧನೆ ಆಗಿಲ್ಲ. ಅಂಗಡಿಯವರು ಹೆಣ್ಣಿನ ಕಡೆಯವರು ಗೋತ್ರ ಕೇಳುವಂತೆ ಮೊದಲೇ ಕೇಳಿದರು: "ಕಾರ್ಬೊರೇಟರೋ, ಎಂಪಿಎಫ್‌ಐಯೋ?" ಸುಮ್ಮನೆ ಕೇಳಿದ್ದಲ್ಲ. ಕಾರ್ಬೊರೇಟರ್ ಗಾಡಿಯ ಪೆಟ್ರೋಲ್ ಪಂಪು ಎಂಜಿನ್ನಿನ ಮಗ್ಗುಲಲ್ಲಿರುತ್ತದೆ. ಎಂಪಿಎಫ್‌ಐಯಲ್ಲಿ ಕರೆಂಟಿನ ಪಂಪು ಟ್ಯಾಂಕಿನೊಳಗೇ ಮುಳುಗಿರುತ್ತದೆ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಅರ್ಧ ಬೆಲೆಗೆ ಸಿಗುತ್ತದೆ ಎಂದು ಭಾವ ಫೋನಿನಲ್ಲಿ ಒತ್ತಾಯಿಸಿದರು. ಇನ್ನೊಬ್ಬರ ತುಕ್ಕನ್ನು ದುಡ್ಡು ಕೊಟ್ಟು ತರಲಾರೆ ಎಂದು ಹೊಸದನ್ನೇ ಕೊಂಡೆ.

ರಾತ್ರಿ ಬಸ್ಸಿನ ಕಂಡಕ್ಟರ್ ಅದನ್ನು ಹತ್ತಿಸಲು ಒಪ್ಪಲಿಲ್ಲ. ಇದು ಪೆಟ್ರೋಲನ್ನೇ ಕಾಣದ ಟ್ಯಾಂಕ್ ಎಂದು ಎಷ್ಟು ಹೇಳಿದರೂ ಕೇಳದೆ, ಬಾಯಿಗೆ ಮೂಗಿಟ್ಟು ಮೂರು ಸಲ ಮೂಸಿ, ಬಣ್ಣದ ವಾಸನೆ ಮಾತ್ರ ಎಂದು ಖಾತ್ರಿಯಾದ ಮೇಲೆ ಲಗೇಜು ಟಿಕೆಟ್ ಹರಿದರು. ನನಗಿಂತ ಹೆಚ್ಚು ಜಾಗ ಅದಕ್ಕೇ ಸಿಕ್ಕಿತು.

ಜೋಡಣೆ ಒಂದು ಮಧ್ಯಾಹ್ನದ ಕೆಲಸ. ಹೊಸ ಪೈಪು, ಹೊಸ ಕ್ಲಿಪ್ಪು, ಗೇಜಿನ ತೇಲುಬುರುಡೆಗೆ ಹೊಸ ವಾಷರ್. ಮುಗಿದ ಮೇಲೆ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ, "ಈಗ ಫುಲ್ ಮಾಡಿಸಿ ಬನ್ನಿ. ಮೇಲಿನ ಅಂಚು, ಪೈಪಿನ ಬಾಯಿ ಸೋರ್ತದೋ ಇಲ್ವೋ ತುಂಬದೆ ಗೊತ್ತಾಗೋದಿಲ್ಲ" ಎಂದರು. ಭಾವ ನನ್ನ ಮುಖ ನೋಡಿದರು. ನಾನು ಮಳೆ ನೋಡಿದೆ. ಬಂಕಿನಲ್ಲಿ ಅವರು "ಫುಲ್" ಎಂದ ದನಿ ಹುಡುಗನಿಗೆ ಕೇಳಿಸದೆ ಎರಡನೇ ಸಲ ಹೇಳಬೇಕಾಯಿತು. ಲೀಟರಿಗೆ ನೂರರ ಮೇಲಿನ ದರ. ಮೀಟರಿನ ಅಂಕಿ ಎರಡು ಸಾವಿರ ದಾಟಿದಾಗ ಅವರು ಕನ್ನಡಕ ತೆಗೆದು ಒರೆಸತೊಡಗಿದರು.

ಸೋರಲಿಲ್ಲ. ಈಗ ಮುಳ್ಳು ಅರ್ಧಕ್ಕಿಂತ ಕೆಳಗಿಳಿದರೆ ಅಕ್ಕ ಬಂಕಿನ ಕಡೆ ಕೈ ತೋರಿಸುತ್ತಾಳೆ, ಭಾವ ಗೊಣಗುತ್ತ ತಿರುಗಿಸುತ್ತಾರೆ. ಕಾರಿನ ಆರ್‌ಸಿಯನ್ನು 2027ರಲ್ಲಿ ಮತ್ತೆ ನವೀಕರಿಸಬೇಕು. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಲ್ಲಿ ಆ ಶುಲ್ಕವನ್ನು ಹತ್ತು ಸಾವಿರ ರೂಪಾಯಿಗೆ ಏರಿಸಿದ್ದಾರೆ. ಇನ್ನೂ ಏರುವ ಮೊದಲು, ಈಗಲೇ ಕಟ್ಟಿಬಿಡಬಹುದೇ ಎಂದು ಭಾವ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುತ್ತಿದ್ದಾರೆ.