ಬೋನಸ್ ಮಾಸ್ತರರು

ಬೀದರ ನಗರದಲ್ಲಿ ಜೋಡಿಯನ್ನು ಕಳೆದುಕೊಂಡೂ ಗಾಂಭೀರ್ಯವನ್ನು ಕಳೆದುಕೊಳ್ಳದೆ ನಿಂತಿರುವ ವಸ್ತುಗಳು ಎರಡುಂಟು. ಒಂದು, 1472ರಲ್ಲಿ ಮಹಮೂದ ಗವಾನನು ಕಟ್ಟಿಸಿ, 1696ರ ಸಿಡಿಮದ್ದಿನ ಸ್ಫೋಟದಲ್ಲಿ ಮುಂಭಾಗದ ಎರಡು ಮಿನಾರುಗಳ ಪೈಕಿ ಒಂದನ್ನು ನೀಗಿಕೊಂಡ ಮದರಸಾ. ಇನ್ನೊಂದು, ಆ ಮದರಸಾದ ಮುಂದಿನಿಂದಲೇ ಪ್ರತಿದಿನ ಬೆಳಿಗ್ಗೆ ಔರಾದಿನ ದಿಕ್ಕಿಗೆ ಹೊರಡತಕ್ಕ, ಎಡಗನ್ನಡಿಯಿಲ್ಲದ, ನಮ್ಮ ಬೋನಸ್ ಮಾಸ್ತರರ ಮೋಟಾರ್ ಸೈಕಲ್ಲು. ಎರಡು ನಷ್ಟಗಳಿಗೂ ಯಾರೂ ಪರಿಹಾರ ಕೇಳಲಿಲ್ಲ. ಮದರಸಾಕ್ಕೆ ವಿಮೆಯಿರಲಿಲ್ಲವೆಂಬುದು ಅದಕ್ಕೆ ಕಾರಣವಾದರೆ, ಮಾಸ್ತರರ ಗಾಡಿಗೆ ವಿಮೆಯಿತ್ತೆಂಬುದೇ ಇದಕ್ಕೆ ಕಾರಣ.

ಮಾಸ್ತರರ ಹುಟ್ಟುಹೆಸರನ್ನು ಶಾಲೆಯ ಹಾಜರಿ ಪುಸ್ತಕವೊಂದೇ ಬಲ್ಲದು. ಔರಾದ ತಾಲೂಕಿನ ಒಂದು ಶಾಲೆಯಲ್ಲಿ ಗಣಿತವನ್ನು ಬೋಧಿಸುವ ಈ ಮಹನೀಯರಿಗೆ ದೀಪಾವಳಿಯಲ್ಲಿ ಯಾವ ಬೋನಸ್ಸೂ ಬರುವುದಿಲ್ಲ. ಇಲ್ಲಿ ವಿವಕ್ಷಿತವಾದುದು ‘ನೋ ಕ್ಲೇಮ್ ಬೋನಸ್’ ಎಂಬ ರಿಯಾಯಿತಿ. ಒಂದು ವರ್ಷವನ್ನು ಕ್ಲೇಮಿಲ್ಲದೆ ಕಳೆದವನಿಗೆ, ಸ್ವಂತ ವಾಹನದ ಹಾನಿಗೆಂದು ಕಟ್ಟುವ ಪ್ರೀಮಿಯಮ್ಮಿನಲ್ಲಿ ಶೇ. 20, ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅಲ್ಲಿಂದ ಮೇಲೆ ಏರತಕ್ಕ ಮೆಟ್ಟಿಲಿಲ್ಲ. ಸೊನ್ನೆಯಿಂದ ಎಣಿಸಿದರೆ ಸ್ಥಲಗಳು ಸರಿಯಾಗಿ ಆರಾಗುವುದರಿಂದ, ಬಸವಕಲ್ಯಾಣವಿರುವ ಜಿಲ್ಲೆಯಲ್ಲಿ ಹುಟ್ಟಿದ ಮಾಸ್ತರರು ಐವತ್ತರದನ್ನು ಐಕ್ಯಸ್ಥಲವೆಂದು ಕರೆಯುವುದು ಅಪಚಾರವಲ್ಲ, ಸಂಸ್ಕಾರಬಲ. ಒಂದೇ ಒಂದು ಕ್ಲೇಮು ಹಾಕಿದರೆ ಮಾತ್ರ ಮುಂದಿನ ನವೀಕರಣದ ಹೊತ್ತಿಗೆ ಸಾಧಕನು ಆರನೆಯ ಮೆಟ್ಟಿಲಿನಿಂದ ನೇರವಾಗಿ ಅಂಗಳಕ್ಕೆ ಬೀಳುತ್ತಾನೆ.

ಈ ಪುಣ್ಯದ ಸ್ವಭಾವವನ್ನು ಮಾಸ್ತರರಷ್ಟು ಸೂಕ್ಷ್ಮವಾಗಿ ಅಭ್ಯಸಿಸಿದವರು ವಿರಳ. ದೇಹವು ಬಿದ್ದರೂ ಸುಕೃತವು ಜೀವನನ್ನು ಹಿಂಬಾಲಿಸುವಂತೆ, ಬೋನಸ್ಸು ಗಾಡಿಯದಲ್ಲ, ಮಾಲೀಕನದು. ಹಳೆಯ ಗಾಡಿಯನ್ನು ಮಾರಿದವನು ಕಂಪನಿಯಿಂದ ಪತ್ರವೊಂದನ್ನು ಪಡೆದಿಟ್ಟುಕೊಂಡರೆ ಮೂರು ವರ್ಷದೊಳಗೆ ಅದನ್ನು ಹೊಸ ಗಾಡಿಗೆ ಹೊಂದಿಸಿಕೊಳ್ಳಬಹುದು. ಕೊಂಡವನಿಗೆ ಗಾಡಿ ದಕ್ಕುತ್ತದೆ, ಪುಣ್ಯ ದಕ್ಕುವುದಿಲ್ಲ. ಮಾಲೀಕನು ತೀರಿಕೊಂಡರೆ ಮಾತ್ರ, ಗಾಡಿಯನ್ನು ಉಳಿಸಿಕೊಳ್ಳುವ ಹೆಂಡತಿಗೋ ಮಕ್ಕಳಿಗೋ ತಂದೆತಾಯಿಗಳಿಗೋ ಅದು ಪಿತ್ರಾರ್ಜಿತದಂತೆ ಸಲ್ಲುವುದು. ಪಾಲಿಸಿಯ ಅವಧಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೆ ವ್ರತಭಂಗವಾಗಿ ಫಲವೆಲ್ಲ ನಷ್ಟ. ಆದಕಾರಣ ಮಾಸ್ತರರ ಮನೆಯ ಪಂಚಾಂಗದಲ್ಲಿ ಏಕಾದಶಿಗೆ ಗುರುತಿಲ್ಲದಿದ್ದರೂ ಆ ದಿನಕ್ಕೆ ಕೆಂಪು ಶಾಯಿಯ ವೃತ್ತವಿದೆ.

ಅವರಿಗಿರುವ ಮನಸ್ತಾಪ ಒಂದೇ. 1988ರ ಮೋಟಾರು ವಾಹನಗಳ ಕಾಯ್ದೆಯು ಕಡ್ಡಾಯ ಮಾಡಿರುವ, ಪರರಿಗಾಗುವ ಹಾನಿಯ ವಿಮೆಗೆ ಈ ರಿಯಾಯಿತಿ ಸಲ್ಲುವುದಿಲ್ಲ. ಅವರ ಗಾಡಿಯಂತೆ 75 ಸಿಸಿಗೆ ಮೇಲ್ಪಟ್ಟು 150ರೊಳಗಿನ ಗಾಡಿಗಳಿಗೆ 2022ರಲ್ಲಿ ಸರ್ಕಾರವು ಗೊತ್ತುಪಡಿಸಿದ್ದು 714 ರೂಪಾಯಿ, ಮತ್ತು ಅದು ಸಾಧುವಿಗೂ ಅಷ್ಟೆ, ಸಂತೆಯ ದಿನ ಚೌಬಾರಾದ ಸುತ್ತ ಗಾಡಿ ಹಾರಿಸುವ ಪೋರನಿಗೂ ಅಷ್ಟೆ.

ಕಳೆದ ವರ್ಷ ಸಂತಪೂರದ ಹತ್ತಿರ ಒಂದು ಎಮ್ಮೆಯು, ರಸ್ತೆಯ ಈಚೆಗಿನ ಹುಲ್ಲಿಗಿಂತ ಆಚೆಗಿನ ಹುಲ್ಲು ಶ್ರೇಷ್ಠವೆಂಬ ನಿರ್ಣಯಕ್ಕೆ ಹಠಾತ್ತನೆ ಬಂದುದರ ಪರಿಣಾಮವಾಗಿ, ಮಾಸ್ತರರು ಕರಿಮಣ್ಣಿನ ತೊಗರಿ ಹೊಲದಲ್ಲಿಯೂ ಗಾಡಿಯು ಮೈಲಿಗಲ್ಲಿನ ಮೇಲೆಯೂ ವಿಶ್ರಮಿಸಬೇಕಾಯಿತು. ಎಡಗನ್ನಡಿ ಹೋದದ್ದು ಆಗಲೇ. ಹ್ಯಾಂಡಲ್ಲು, ದೀಪ, ಮಡ್‌ಗಾರ್ಡು ಸೇರಿ ಮೆಕ್ಯಾನಿಕ್ಕನ ಲೆಕ್ಕ 3,800 ರೂಪಾಯಿಗೆ ಮುಟ್ಟಿತು. ಕನ್ನಡಿಯನ್ನು ಮಾಸ್ತರರು ಆ ಪಟ್ಟಿಯಿಂದ ತಾವಾಗಿಯೇ ಹೊಡೆದುಹಾಕಿದರು. ತಪ್ಪು ಎಮ್ಮೆಯದೆಂಬುದಕ್ಕೆ ಹೊಲದ ತುಂಬ ಸಾಕ್ಷಿಗಳಿದ್ದರು. ಆದರೆ ಬೋನಸ್ಸಿನ ಧರ್ಮಶಾಸ್ತ್ರವು ತಪ್ಪು ಯಾರದೆಂದು ಕೇಳುವುದೇ ಇಲ್ಲ. ಹಣ ಕೇಳಿದೆಯೋ ಇಲ್ಲವೋ ಎಂದಷ್ಟೇ ಕೇಳುತ್ತದೆ. ಫ್ರಾನ್ಸ್ ದೇಶದಲ್ಲಿ ಹೊಣೆ ಪೂರ್ತಿ ಸವಾರನದಾದ ಅಪಘಾತಕ್ಕೆ ಪ್ರೀಮಿಯಮ್ಮನ್ನು ಶೇ. 25ರಷ್ಟು ಏರಿಸಿ, ನಿರ್ದೋಷವಾಗಿ ಕಳೆದ ವರ್ಷಕ್ಕೆ ಶೇ. 5ರಷ್ಟು ಇಳಿಸುವ ಪದ್ಧತಿಯಿದೆಯೆಂದು ನಾನು ಹೇಳಿದಾಗ, ಮಾಸ್ತರರು ಬಹಳ ಹೊತ್ತು ಮೌನವಾಗಿದ್ದು, “ಅಲ್ಲಿ ಎಮ್ಮಿ ಕಡಿಮಿ ಇರಬೇಕ್ರಿ” ಎಂದರು.

ಮಾಸ್ತರರು ಅಷ್ಟೂ ಹಣವನ್ನು ಕೈಯಿಂದಲೇ ತೆತ್ತರೆಂದು ಕೇಳಿ ನನಗೆ ತಡೆಯಲಾಗಲಿಲ್ಲ. ಗಣಿತದವರಿಗೆ ಗಣಿತವನ್ನು ಬೋಧಿಸುವ ಅವಕಾಶ ಪದೇಪದೇ ಒದಗುವಂಥದಲ್ಲವಾದ್ದರಿಂದ, ಕಾಗದ ತೆಗೆದುಕೊಂಡು ಕುಳಿತೆ. ಸ್ವಂತ ಹಾನಿಗೆ ಅವರ ಪ್ರೀಮಿಯಮ್ಮು ರಿಯಾಯಿತಿಗೆ ಮುಂಚೆ ವರ್ಷಕ್ಕೆ 420 ರೂಪಾಯಿ. ಕ್ಲೇಮು ಹಾಕಿದ್ದರೆ ಮೊದಲನೆಯ ವರ್ಷ ಕಳೆದುಕೊಳ್ಳುವುದು ಅದರಲ್ಲಿ ಶೇ. 50, ಮತ್ತೆ ಮೆಟ್ಟಿಲೇರುತ್ತ ಬಂದಂತೆ ಎರಡನೆಯ ವರ್ಷ 30, ಆಮೇಲೆ 25, 15, ಕೊನೆಗೆ 5, ಐದು ವರ್ಷಕ್ಕೆ ಒಟ್ಟು ಶೇ. 125, ಅಂದರೆ ಒಂದೂಕಾಲು ವರ್ಷದ ಪ್ರೀಮಿಯಮ್ಮು, 525 ರೂಪಾಯಿ. ಗಾಡಿ ಹೊಸದಾಗಿ ಪ್ರೀಮಿಯಮ್ಮು ದೊಡ್ಡದಿದ್ದರೆ ಸಣ್ಣಪುಟ್ಟ ಪೆಟ್ಟಿಗೆ ಕ್ಲೇಮು ಹಾಕದಿರುವುದೇ ವಿವೇಕ. ಆದರೆ ಮುದಿಗಾಡಿಯ ವಿಷಯದಲ್ಲಿ, ರಬ್ಬರು ಪ್ಲಾಸ್ಟಿಕ್ಕುಗಳಿಗೆ ಅರ್ಧ, ಲೋಹಕ್ಕೆ ವಯಸ್ಸಿಗೆ ತಕ್ಕಷ್ಟು ಸವಕಳಿಯನ್ನು ಕಳೆದು, ಕಡ್ಡಾಯವಾಗಿ ಮಾಲೀಕನೇ ಹೊರತಕ್ಕ ನೂರು ರೂಪಾಯಿಯನ್ನು ಮುರಿದುಕೊಂಡರೂ, ಸಾವಿರದೈನೂರಕ್ಕೆ ಕಡಿಮೆಯಿಲ್ಲದೆ ಕೈಗೆ ಬರುತ್ತಿತ್ತು. 525ನ್ನು ಉಳಿಸಲು ಸಾವಿರದೈನೂರನ್ನು ಬಿಟ್ಟಿರಲ್ಲ ಎಂದು ನಾನು ವಿಜಯದೃಷ್ಟಿಯಿಂದ ಅವರನ್ನು ನೋಡಿದೆ.

“ಲೆಕ್ಕ ಬರೋಬ್ಬರಿ ಅದರಿ,” ಎಂದರು ಮಾಸ್ತರರು, ಹುಡುಗನ ಪಾಟಿಯನ್ನು ತಿದ್ದುವವರಂತೆ ನನ್ನ ಕಾಗದದ ಮೇಲೆ ಒಂದು ಸರಿಗುರುತು ಹಾಕಿ. “ಈ ಲೆಕ್ಕ ನಾನು ತೊಗರಿ ಹೊಲದಾಗ ಬಿದ್ದಲ್ಲೇ ಮಾಡೀನಿ. ನಗಬ್ಯಾಡ್ರಿ, ಒಂದ್ ಮಾತ್ ಕೇಳ್ರಿ. ಮೂವತ್ತು ವರ್ಷ ಮಾಸ್ತರಕಿ ಮಾಡೀನಿ. ತಪಾಸಣಿಗಿ ಬಂದ ಸಾಹೇಬ್ರು ತಪ್ಪು ಬರದು ಹೋಗ್ತಾರ. ಹುಡುಗರ ಅಪ್ಪಗೋಳು ಬಂದು ತಪ್ಪು ಹೇಳ್ತಾರ. ಮನ್ಯಾಗಂತೂ ಹೇಳೋದೇ ಬ್ಯಾಡ. ಈ ಮನಷ್ಯಾಂದು ಏನೂ ತಪ್ಪಿಲ್ಲ ಅಂತ ವರ್ಷಕ್ಕೊಮ್ಮಿ ಛಾಪಿಸಿ ಕೊಡೋದು ಇದೊಂದೇ ಕಾಗದರಿ.”

ಅವರು ಪೆಟ್ಟಿಗೆಯಿಂದ ಪಾಲಿಸಿಯನ್ನು ತೆಗೆದು ತೋರಿಸಿದರು. ಕಪ್ಪು ಅಕ್ಷರಗಳ ನಡುವೆ 50 ಎಂಬ ಅಂಕಿಯು, ಬಿದರಿ ಹೂದಾನಿಯ ಕಪ್ಪಿನೊಳಗೆ ಕೂಡಿಸಿದ ಬೆಳ್ಳಿಯ ಎಳೆಯಂತೆ, ಅವರ ಕಣ್ಣಿಗೆ ಹೊಳೆಯುತ್ತಿತ್ತೆಂಬುದರಲ್ಲಿ ಸಂಶಯವಿಲ್ಲ. ನಾನು ನನ್ನ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ.

ಇದಾಗಿ ಕೆಲವು ತಿಂಗಳ ಮೇಲೆ, ಮದರಸಾದ ಮುಂದೆ ಒಂದು ದಿನ ಮಾಸ್ತರರ ಗಾಡಿಯನ್ನು ಕಂಡು ಬೆರಗಾದೆ: ಎಡಗಡೆಯಲ್ಲಿ ಹೊಚ್ಚಹೊಸ ಕನ್ನಡಿ! ವ್ರತಭಂಗವಾಯಿತೆಂದೇ ಭಾವಿಸಿ, “ಕಡೀಗೂ ಕ್ಲೇಮ್ ಹಾಕಿದ್ರೇನ್ರಿ, ಮಾಸ್ತರೇ?” ಎಂದು ಕೇಳಿದೆ.

“ಶಿವ ಶಿವಾ,” ಎಂದು ಕಿವಿ ಮುಟ್ಟಿಕೊಂಡು, ಅವರು ದನಿ ತಗ್ಗಿಸಿದರು. “ನಮ್ಮ ಹುಡುಗ ಭಾಲ್ಕಿ ಕಾಲೇಜಿಗಿ ಒಯ್ದಿದ್ದ. ಎಲ್ಲೋ ಬಿದ್ದು ಬಂದಾನ. ಮೊಣಕಾಲ್ ಮುಚ್ಚಕೊಂಡು ಅಡ್ಡಾಡ್ಲತ್ತಾನ. ನಾ ಕೇಳಿಲ್ಲ, ಅಂವ ಹೇಳಿಲ್ಲ. ತನ್ನ ರೊಕ್ಕದಾಗ ರಿಪೇರಿ ಮಾಡಿಸ್ಯಾನ. ಹೋಗಿದ್ದು ಬಲಗಡಿ ಇಂಡಿಕೇಟರ್ ಒಂದೇ. ಗಾಬರ್ಯಾಗ ಎಡಗನ್ನಡೀನೂ ಹಾಕ್ಸ್ಯಾನ.”

ಹೀಗೆಂದು ಮಾಸ್ತರರು ಗಾಡಿಯನ್ನೇರಿ, ಆ ಕನ್ನಡಿಯನ್ನು ಹೆಬ್ಬೆರಳಿನಿಂದ ಒರಸಿ, ಒಂಟಿ ಮಿನಾರು ಅದರೊಳಗೆ ಪೂರ್ತಿ ಕಾಣುವವರೆಗೆ ಆಚೀಚೆ ತಿರುಗಿಸಿದರು.

“ಐವತ್ತು ಟಕ್ಕಾ ಅವನಿಗಿ ಬಿಟ್ಟು ಹೋಗ್ಲಿಕ್ಕಿ ಅಡ್ಡಿ ಇಲ್ರಿ,” ಎಂದು ಹೇಳಿ ಔರಾದಿನ ಕಡೆಗೆ ನಡೆದರು.