ನಂಜು ಹುಡುಕಿದ ದೊಡ್ಡಮ್ಮನಿಗೊಂದು ಬಹಿರಂಗ ಪತ್ರ

ಪೂಜ್ಯ ದೊಡ್ಡಮ್ಮನವರಿಗೆ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಕಾಗದದ ಮೇಲಷ್ಟೇ. ಹರ್ನಿಯಾ ಆಪರೇಷನ್ ಆದವನು ಇನ್ನೊಂದಷ್ಟು ದಿನ ಬಗ್ಗುವ ಹಾಗಿಲ್ಲ.

ನಾನು ಡಿಸ್ಚಾರ್ಜ್ ಆಗಿ ಮನೆ ಮುಟ್ಟುವಷ್ಟರಲ್ಲಿ ಅಡುಗೆಮನೆ ನಿಮ್ಮ ವಶವಾಗಿತ್ತು. ಬದನೆಕಾಯಿ ನಂಜು, ಕುಂಬಳಕಾಯಿ ನಂಜು, ಮೊಟ್ಟೆ ಮಹಾನಂಜು. ತೊಗರಿಬೇಳೆ ತಿಂದರೆ ಕೀವು, ಅನ್ನ ತಿಂದರೂ ಕೀವು. ಕಡೆಗೆ ನನ್ನ ಪಾಲಿಗೆ ಉಳಿದದ್ದು ರವೆಗಂಜಿ, ಮೆಣಸಿನ ಸಾರು ಮತ್ತು ನಿಮ್ಮ ಉಪದೇಶ. ಗಾಯ ಕೂಡಲು ಪ್ರೋಟೀನ್ ಬೇಕು, ಬೇಳೆ, ಮೊಟ್ಟೆ ಧಾರಾಳವಾಗಿ ತಿನ್ನಲಿ ಅಂತ ಡಾಕ್ಟರು ಬರೆದುಕೊಟ್ಟ ಚೀಟಿ ಮೊನ್ನೆ ಗ್ಯಾಸ್ ಪುಸ್ತಕದೊಳಗೆ ನಾಲ್ಕು ಮಡಿಕೆಯಾಗಿ ಸಿಕ್ಕಿತು.

ತಟ್ಟೆಗೆ ಇಷ್ಟು ಕಾವಲು ಹಾಕಿದವರು ಐದನೇ ದಿನ ಹಿತ್ತಲಲ್ಲಿ ಕರುವಿಗೆ ಹುಲ್ಲು ಹಾಕಿ ಬಂದು, ಸೆರಗಿಗೆ ಕೈ ಒರೆಸಿಕೊಂಡು, "ತಡಿಯೋ, ಹೆಂಗಯ್ತೆ ನೋಡಾನ" ಅಂತ ಪಟ್ಟಿಯ ಅಂಚೆತ್ತಿ ಹೊಲಿಗೆ ಒತ್ತಿ ನೋಡಿದಿರಿ. ನಿಮ್ಮ ಹಿಂದೆ ಚಿಕ್ಕಪ್ಪ, ಅವರ ಹಿಂದೆ ಅರ್ಧ ಬೀದಿ. ಪಕ್ಕದ ಮನೆಯಾಕೆ ಸಾಂಬಾರಿಗೆ ಹಾಕುವ ಹಾಗೆ ಒಂದು ಚಿಟಿಕೆ ಅರಿಸಿನವನ್ನೂ ಉದುರಿಸಿ ಹೋದರು.

ಏಳನೇ ದಿನ ಹೊಲಿಗೆಯ ಸುತ್ತ ಕೆಂಪು, ಮುಟ್ಟಿದರೆ ಬಿಸಿ, ಅಂಗಿಗೆ ಹಳದಿ ಕಲೆ. "ಕದ್ದು ಬದ್ನೆಕಾಯಿ ತಿಂದವ್ನೆ" ಅಂತ ತೀರ್ಪಾಯಿತು. ಡಾಕ್ಟರು ಎರಡು ಹೊಲಿಗೆ ಬಿಚ್ಚಿ, ಕೀವು ತೆಗೆದು, ಸಲೈನಿನಲ್ಲಿ ತೊಳೆದು, ಬಾಯಿ ಹೊಲಿಯದೆ ಬಟ್ಟೆ ತುಂಬಿ ಕಳಿಸಿದರು. "ಹೊಲಿಯಾಕೆ ಬರಾಕಿಲ್ವಾ ಇವ್ರಿಗೆ?" ಅಂತ ನೀವು ಕೇಳಿದ್ದು ನರ್ಸಮ್ಮನಿಗೂ ಕೇಳಿಸಿತು. ಮೇಲೆ ಮುಚ್ಚಿಬಿಟ್ಟರೆ ಒಳಗೆ ಮತ್ತೆ ಕೀವು ಕಟ್ಟುತ್ತದೆ ದೊಡ್ಡಮ್ಮ. ಸೆಲೆಯೊಡೆದು ಬಾವಿ ತುಂಬುವ ಹಾಗೆ ಗಾಯ ಬುಡದಿಂದ ತುಂಬಿಕೊಂಡು ಬರಬೇಕು.

ಲ್ಯಾಬಿನ ರಿಪೋರ್ಟಿನಲ್ಲಿ ಬದನೆಕಾಯಿಯ ಹೆಸರಿರಲಿಲ್ಲ. ಇದ್ದದ್ದು ಸ್ಟ್ಯಾಫಿಲೋಕಾಕಸ್ ಆರಿಯಸ್. ಮೊದಲ ಪದದಲ್ಲಿ ಗ್ರೀಕರ ದ್ರಾಕ್ಷಿಗೊಂಚಲಿದೆ, ಎರಡನೆಯದರಲ್ಲಿ ಲ್ಯಾಟಿನ್ನಿನ ಬಂಗಾರ. ರೋಗಿಯನ್ನು ನೋಡಲು ಬರಿಗೈಲಿ ಬರಬಾರದು ಅಂತೀರಲ್ಲ, ಬಂಗಾರದ ದ್ರಾಕ್ಷಿಯನ್ನೇ ತಂದಿರಿ. ನ್ಯಾಯವಾಗಿ ಹೇಳಬೇಕೆಂದರೆ, ಸುಮಾರು ಮೂವರಲ್ಲೊಬ್ಬರ ಮೂಗಿನಲ್ಲಿ ಈ ಕ್ರಿಮಿ ತೆಪ್ಪಗೆ ಕೂತಿರುತ್ತದೆ. ನನ್ನ ಮೂಗಿನದೇ ಇದ್ದೀತು. ಆಪರೇಷನ್ನಿಗೆ ನಾಲ್ಕು ವಾರ ಮುಂಚೆಯೇ ಡಾಕ್ಟರು ಬೀಡಿ ಬಿಡು ಅಂದಾಗ ಬಿಡದ ತಪ್ಪಂತೂ ಪೂರಾ ನನ್ನದು.

1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ಅನ್ನುವ ಡಾಕ್ಟರು ಕ್ಲೋರಿನ್ ನೀರಿನಲ್ಲಿ ಕೈ ತೊಳೆದು ಬನ್ನಿ ಅಂದದ್ದಕ್ಕೆ ದೊಡ್ಡ ದೊಡ್ಡ ಡಾಕ್ಟರುಗಳೇ ಮುಖ ಗಂಟು ಹಾಕಿದ್ದರು. ಈ ಪತ್ರ ಓದಿ ನಿಮಗೆ ಬರುವ ಸಿಟ್ಟಿಗೆ ಅಷ್ಟು ಹಳೆಯ ಮನೆತನವಿದೆ.

ಒಳಗೆ ಮೆಶ್ ಅನ್ನುವ ಬಲೆ ಇಟ್ಟಿರುವುದರಿಂದ 90 ದಿನ ಗಾಯದ ಮೇಲೆ ಕಣ್ಣಿಟ್ಟಿರಬೇಕಂತೆ. ಕಣ್ಣು ಮಾತ್ರ. ಅದಕ್ಕೆ ನೀವೂ ಬನ್ನಿ. ಬಾಗಿಲ ಪಕ್ಕದ ತೊಟ್ಟಿಯ ಮೇಲೆ ಸೋಪಿಟ್ಟಿದ್ದೇನೆ. ಬರುವಾಗ ಅರ್ಧ ಡಜನ್ ನಾಟಿಕೋಳಿ ಮೊಟ್ಟೆ ತನ್ನಿ.

ಇಂತಿ,
ಮೂರು ಹೊತ್ತೂ ಗಂಜಿ ಕುಡಿದ ನಿಮ್ಮ ಮಗ