ನಲವತ್ತು ಥೌ

ಹರಿಹರದಲ್ಲಿ ಪಕ್ಕದ ಮನೆಯವರು ಕಿರ್ಲೋಸ್ಕರ್ ಕಾರ್ಖಾನೆಯಿಂದ ನಿವೃತ್ತರಾದವರಾಗಿದ್ದರೆ ಟಿವಿಯಲ್ಲಿ ಕಾರ್ ರೇಸು ನೋಡಿ ಸುಮ್ಮನೆ ಮಲಗುವಂತಿಲ್ಲ. ಬೆಳಿಗ್ಗೆ ಕಾಂಪೌಂಡಿನ ಆಚೆಯಿಂದ ವಿಚಾರಣೆ ಕಾದಿರುತ್ತದೆ. 1941ರಲ್ಲಿ ಶುರುವಾದ ಆ ಕಾರ್ಖಾನೆ ಊರಿನ ಅರ್ಧ ಜನಕ್ಕೆ ಲೇಥ್ ಭಾಷೆ ಕಲಿಸಿಬಿಟ್ಟಿದೆ. ಅದರ ಮೇಲೆ ಪಕ್ಕದ ಮನೆಯ ನಮ್ಮ ಯಜಮಾನ್ರ ಮೊಮ್ಮಗ ಬೆಂಗಳೂರಲ್ಲಿ ಓದುತ್ತ, ಗೆಳೆಯರ ಜತೆ ಫಾರ್ಮುಲಾ ಕಾರು ಕಟ್ಟುತ್ತಿದ್ದಾನೆ. (ಹೊಸ ಹುಚ್ಚೇನಲ್ಲ, ಆರ್.ವಿ. ಕಾಲೇಜಿನ ‘ಅಶ್ವ ರೇಸಿಂಗ್’ ಹುಡುಗರಿಗೆ ಇದು 2003ರಿಂದಲೂ ಇದೆ.)

“ಅಲ್ಲಪ್ಪಾ, ರೋಡು ಅಷ್ಟು ನುಣ್ಣಗೈತಿ. ಆ ಕಾರಿಗೆ ಶಾಕಬ್ಸರ್ ಯಾತಕ್ಕೆ?”

ಡ್ರೈವರನ ಸೊಂಟಕ್ಕಲ್ಲ ಯಜಮಾನ್ರೇ, ಕಾರಿನ ತಳಕ್ಕೆ, ಅಂದೆ. ತಳದಡಿ ನುಗ್ಗುವ ಗಾಳಿ ಕಾರನ್ನು ನೆಲಕ್ಕೆ ಎಳೆಯುತ್ತದೆ. ತಳ ಇಳಿದಷ್ಟೂ ಎಳೆತ ಜಾಸ್ತಿ. ತೀರಾ ಇಳಿದರೆ ಗಾಳಿಗೆ ದಾರಿ ಕಟ್ಟಿ ಎಳೆತ ತಪ್ಪುತ್ತದೆ, ಕಾರು ಏಳುತ್ತದೆ, ಎದ್ದೊಡನೆ ಮತ್ತೆ ಎಳೆತ. 2022ರಲ್ಲಿ ಫಾರ್ಮುಲಾ ಒನ್‌ಗೆ ಹೊಸ ನಿಯಮ ಬಂದಾಗ ಮರ್ಸಿಡಿಸ್ ನೇರ ದಾರಿಯಲ್ಲೇ ಕುಪ್ಪಳಿಸಿತು. ಬಾಕುವಿನಲ್ಲಿ ಅದರ ಡ್ರೈವರ್ ಹ್ಯಾಮಿಲ್ಟನ್ ಬೆನ್ನು ಹಿಡಿದುಕೊಂಡೇ ಕೆಳಗಿಳಿದ.

“ಚಾಟರ್! ಟೂಲು ಉದ್ದಕ್ಕೆ ಹೊರಗೆ ಬಿಟ್ರೆ ಲೇಥೂ ಹಂಗೇ ನಡುಗ್ತದೆ, ಜಾಬ್ ಮೇಲೆಲ್ಲ ಅಲೆ ಬೀಳ್ತಾವೆ. ಬಿಗಿ ಮಾಡ್ಬೇಕು.”

ಬಿಗಿ ಮಾಡಿದರು. ಆದರೆ ಪೂರ್ತಿ ಬಿಗಿದರೆ ಟ್ರ್ಯಾಕಿನ ಅಂಚಿನ ಕರ್ಬಿಗೆ ಹತ್ತಿದ ಚಕ್ರ ನೆಲ ಬಿಟ್ಟು ಹಾರುತ್ತದೆ. ಅದಕ್ಕೇ ಕೆಲಸ ಹಂಚಿದ್ದಾರೆ. ಚಕ್ರದಿಂದ ಒಂದು ರಾಡು ಒಳಗಿನ ರಾಕರ್ ಎಂಬ ಸನ್ನೆಗೆ ಹೋಗುತ್ತದೆ. ಒಂದೇ ಚಕ್ರ ಎದ್ದರೆ ಟಾರ್ಶನ್ ಬಾರ್ ತಿರುಚಿಕೊಂಡು ಸಹಿಸುತ್ತದೆ, ಎರಡೂ ಒಟ್ಟಿಗೆ ಎದ್ದರೆ, ಅಂದರೆ ಗಾಳಿ ಒತ್ತಿದರೆ, ನಡುವಿನ ಸ್ಪ್ರಿಂಗು ಎದೆಗೊಡುತ್ತದೆ. ಈ ಎತ್ತರದ ಲೆಕ್ಕವನ್ನೆಲ್ಲ ವಿಲಿಯಮ್ಸ್‌ನವರು 1992ರಲ್ಲಿ ಕಂಪ್ಯೂಟರಿಗೇ ಒಪ್ಪಿಸಿದ್ದರು. ಅವರ ಡ್ರೈವರ್ ಮ್ಯಾನ್ಸೆಲ್ ಮೊದಲ ಐದು ರೇಸು ಸಾಲಾಗಿ ಗೆದ್ದ. 1994ಕ್ಕೆ ಅದನ್ನು ಬ್ಯಾನ್ ಮಾಡಿದರು.

“ಕಂಪ್ಯೂಟರ್ ಲೇಥು, ಸಿಎನ್‌ಸಿ, ಬಂದಾಗ ನಮಗೂ ಹಂಗೆ ಬ್ಯಾನ್ ಮಾಡೋರು ಯಾರಾದ್ರೂ ಇರ್ಬೇಕಿತ್ತು ನೋಡು.”

ಅವರಿಗೆ ನಿಜವಾಗಿ ಹಿಡಿಸಿದ್ದು ಹಲಗೆಯ ಕಥೆ. ಕಾರು ತೀರಾ ನೆಲಕ್ಕೆ ಉಜ್ಜದಿರಲಿ ಅಂತ ತಳಕ್ಕೆ ಹತ್ತು ಮಿಲಿಮೀಟರಿನ ಹಲಗೆ ಹಾಕುತ್ತಾರೆ. ರೇಸು ಮುಗಿದಾಗ ಅಳೆಯುವ ಜಾಗದಲ್ಲಿ ಅದು ಒಂಬತ್ತಕ್ಕಿಂತ ಕಮ್ಮಿ ಇರಕೂಡದು. 2023ರಲ್ಲಿ ಆಸ್ಟಿನ್‌ನಲ್ಲಿ ಎರಡನೆಯವನಾಗಿ ಬಂದ ಹ್ಯಾಮಿಲ್ಟನ್ನನನ್ನೂ ಆರನೆಯ ಲೆಕ್ಲೇರನನ್ನೂ ಇದೇ ಸವೆತಕ್ಕೆ ಹೊರಗಿಟ್ಟರು.

“ಒಂದು ಮಿಲಿಮೀಟರು ಬಿಟ್ಟೂನಾ? ನಲವತ್ತು ಥೌ ಆತಲ್ಲೋ! ನಾವು ಎರಡು ಥೌ ತಪ್ಪಿದ್ರೆ ಇನ್‌ಸ್ಪೆಕ್ಷನ್ನೋರು ಜಾಬು ಎತ್ತಿ ಸ್ಕ್ರ್ಯಾಪಿಗೆ ಒಗೀತಿದ್ರು. ಅವ್ರಿಗೆ ಕೋಟಿಗಟ್ಲೆ ಸಂಬಳ ಬೇರೆ.” (ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು.) ಒಂದು ಗಳಿಗೆ ಬಿಟ್ಟು, “ನಮ್ ಹುಡುಗನ ಕಾರಿಗೆ ಎಷ್ಟು ಆಟ ಕೊಡ್ತಾರೆ?”

ಕಾಲೇಜು ಹುಡುಗರ ಕಾರಲ್ಲಿ ಚಕ್ರ ಒಟ್ಟು ಕನಿಷ್ಠ 50 ಮಿಲಿಮೀಟರು ಆಡಬೇಕು, ಅದರಲ್ಲಿ ಮೇಲಕ್ಕೆ ಕನಿಷ್ಠ 25 ಅಂತ ನಿಯಮ, ಅಂದೆ.

“ಒಂದೇ ಇಂಚಾ? ನಮ್ ಓಣಿ ಹಂಪು ದಾಟಲ್ಲ ಬಿಡು. ಹಬ್ಬಕ್ಕೆ ಬಸ್ಸಿಗೇ ಬಾರಪ್ಪಾ ಅಂತೀನಿ.”